ಪಾಸ್‌ವರ್ಡ್ ಗಟ್ಟಿಯಾಗೇ ಇತ್ತು: ಕಲೋನಿಯಲ್ ಪೈಪ್‌ಲೈನ್ ಪ್ರಕರಣ

ಪಾಸ್‌ವರ್ಡ್ ಬಗ್ಗೆ ಯಾರಾದರೂ ಬುದ್ಧಿ ಹೇಳಲು ಕೂತರೆ ಮೊದಲು ಬರುವುದು 123456 ಅಂತ ಇಟ್ಟುಕೊಂಡವನ ಕಥೆ. ಕೇಳಿ ನಗುತ್ತೇವೆ. ನಮ್ಮದರಲ್ಲಿ ಒಂದು ದೊಡ್ಡಕ್ಷರ ಇದೆ, ಮಧ್ಯೆ ಒಂದು @ ಇದೆ, ಕೊನೆಗೆ ಮಗಳು ಹುಟ್ಟಿದ ವರ್ಷವೂ ಇದೆ, ಇನ್ನೇನು ಬೇಕು ಅಂದುಕೊಂಡು ಎದ್ದು ಹೋಗುತ್ತೇವೆ. ಇದು ಆ ಕಥೆ ಅಲ್ಲ. ಇಲ್ಲಿ ಪಾಸ್‌ವರ್ಡ್ ಗಟ್ಟಿಯಾಗೇ ಇತ್ತು. ಹಾಗಂತ ಕಂಪನಿಯ ಮುಖ್ಯಸ್ಥರೇ ಅಮೆರಿಕದ ಸೆನೆಟ್ ಮುಂದೆ ಕೂತು ಹೇಳಿದ್ದಾರೆ. ಆದರೂ ಆ ಒಂದು ಪಾಸ್‌ವರ್ಡ್‌ನಿಂದ ಶುರುವಾದ ರಗಳೆ, ಆ ದೇಶದ ಪೂರ್ವ ಕರಾವಳಿಗೆ ಹೋಗುವ ಇಂಧನದ ಹತ್ತಿರ ಹತ್ತಿರ ಅರ್ಧ ಭಾಗ ನಿಂತುಹೋಗುವ ತನಕ ಬೆಳೆಯಿತು.

ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಚೇರಿಯಲ್ಲಿ ಸಿಸ್ಟಂ ನೋಡಿಕೊಳ್ಳುವವನು. ಹೊಸಬರು ಬಂದರೆ ಲಾಗಿನ್ ಮಾಡಿಕೊಡುವುದು, ಪಾಸ್‌ವರ್ಡ್ ಮರೆತವರಿಗೆ ರೀಸೆಟ್ ಮಾಡುವುದು, ಪ್ರಿಂಟರ್ ಮುನಿಸಿಕೊಂಡರೆ ಸಮಾಧಾನ ಮಾಡುವುದು, ಇಷ್ಟೇ ನನ್ನ ಕೆಲಸ. ಹೊಸದಾಗಿ ಸೇರಿದವರಿಗೆಲ್ಲ ಈ ಪ್ರಕರಣ ಹೇಳುತ್ತೇನೆ. ಹೇಳಿ ಹೇಳಿ ಬಾಯಿಪಾಠ ಆಗಿದೆ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೇ 7ರ ಬೆಳಗಿನ ಜಾವ

ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಮುಖ್ಯ ಕಚೇರಿ ಜಾರ್ಜಿಯಾ ರಾಜ್ಯದ ಆಲ್ಫಾರೆಟ್ಟಾದಲ್ಲಿದೆ, ಅಟ್ಲಾಂಟಾ ಪಕ್ಕದ ಊರು. ಟೆಕ್ಸಾಸ್‌ನ ಹ್ಯೂಸ್ಟನ್‌ನಿಂದ ನ್ಯೂಜೆರ್ಸಿ ತನಕ ಇವರದು ಒಟ್ಟು 5,500 ಮೈಲಿ ಪೈಪು. ನಮ್ಮ ಲೆಕ್ಕದಲ್ಲಿ ಸುಮಾರು 8,850 ಕಿಲೋಮೀಟರ್. ಶ್ರೀನಗರದಿಂದ ಕನ್ಯಾಕುಮಾರಿಗೆ ರಸ್ತೆಯಲ್ಲಿ ಹೋಗಿ ವಾಪಸ್ ಬಂದರೂ ಇನ್ನೂ ಪೈಪು ಮಿಗುತ್ತದೆ. ಪೆಟ್ರೋಲು, ಡೀಸೆಲ್, ವಿಮಾನದ ಇಂಧನ ಎಲ್ಲ ಒಂದರ ಹಿಂದೆ ಒಂದು ಇದರೊಳಗೇ ಹರಿಯುತ್ತವೆ. ಪೂರ್ವ ಕರಾವಳಿ ಬಳಸುವ ಇಂಧನದಲ್ಲಿ ಶೇ 45ರಷ್ಟು ಬರುವುದು ಇದರಿಂದ.

2021ರ ಮೇ 7, ಶುಕ್ರವಾರ. ಬೆಳಿಗ್ಗೆ 5 ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಂಟ್ರೋಲ್ ರೂಮಿನಲ್ಲಿದ್ದ ಉದ್ಯೋಗಿಯೊಬ್ಬರ ಕಂಪ್ಯೂಟರಿನಲ್ಲಿ ಒಂದು ಚೀಟಿ ಕಾಣಿಸಿತು: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ದುಡ್ಡು ಕೊಟ್ಟರೆ ಕೀಲಿ ಕೊಡುತ್ತೇವೆ ಅನ್ನುವ ಅರ್ಥದ್ದು. ಅವರು ಮೇಲ್ವಿಚಾರಕರಿಗೆ ಫೋನ್ ಮಾಡಿದರು. 6 ಗಂಟೆಗೆ ಐದು ನಿಮಿಷ ಇರುವಾಗ ಪೈಪ್‌ಲೈನ್ ನಿಲ್ಲಿಸಲು ಶುರು ಮಾಡಿದರು, 6 ಗಂಟೆ 10 ನಿಮಿಷದ ಹೊತ್ತಿಗೆ ಪೂರ್ತಿ 5,500 ಮೈಲಿ ನಿಂತಿತ್ತು. ಹದಿನೈದೇ ನಿಮಿಷ.

ಇಲ್ಲಿ ಒಂದು ವಿಷಯವನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಕಳ್ಳರು ಪೈಪನ್ನು ನಿಲ್ಲಿಸಲಿಲ್ಲ. ಅವರು ನುಗ್ಗಿದ್ದು ಕಚೇರಿ ಕಂಪ್ಯೂಟರುಗಳಿಗೆ, ಅಂದರೆ ಬಿಲ್ಲು, ಲೆಕ್ಕಪತ್ರ, ಮೇಲ್ ಇರುವ ಕಡೆಗೆ. ಪಂಪು, ವಾಲ್ವು ನಡೆಸುವ ಸಿಸ್ಟಂ ಬೇರೆ ಇತ್ತು. ಆದರೆ ಆ ಕ್ಷಣದಲ್ಲಿ ಕಳ್ಳ ಎಲ್ಲಿಯ ತನಕ ಬಂದಿದ್ದಾನೆ ಅಂತ ಯಾರಿಗೆ ಗೊತ್ತು? ಅಡುಗೆಮನೆಯಲ್ಲಿ ಹಾವು ಕಂಡರೆ ಮಲಗುವ ಕೋಣೆಯಿಂದಲೂ ಮಕ್ಕಳನ್ನು ಎಬ್ಬಿಸಿ ಹೊರಗೆ ಕಳಿಸುತ್ತೇವಲ್ವಾ, ಹಾಗೆ ಕಂಪನಿಯವರೇ ನಿಲ್ಲಿಸಿದರು. ನನ್ನ ಪ್ರಕಾರ ಸರಿಯಾಗೇ ಮಾಡಿದರು.

ಹಿಂದಿನ ದಿನವೇ ಇನ್ನೊಂದು ಕೆಲಸ ಆಗಿತ್ತು. ಮೇ 6ರಂದು ಎರಡೇ ಗಂಟೆಯಲ್ಲಿ ಸುಮಾರು 100 ಜಿಬಿ ಮಾಹಿತಿಯನ್ನು ಕಳ್ಳರು ಹೊತ್ತುಕೊಂಡು ಹೋಗಿದ್ದರು. ಮೊದಲು ಕದಿಯುವುದು, ಆಮೇಲೆ ಬೀಗ ಹಾಕುವುದು. ದುಡ್ಡು ಕೊಡದಿದ್ದರೆ ಕದ್ದದ್ದನ್ನು ಊರಿಗೆಲ್ಲ ಹಂಚುತ್ತೇವೆ ಅಂತ ಇನ್ನೊಂದು ಬೆದರಿಕೆ. ಗುಂಪಿನ ಹೆಸರು ಡಾರ್ಕ್‌ಸೈಡ್. ರಷ್ಯನ್ ಮಾತಾಡುವವರು. ಇವರ ವ್ಯವಹಾರ ಹೆಚ್ಚು ಕಡಿಮೆ ನಮ್ಮ ಹಳೆ ಗೇಣಿ ಪದ್ಧತಿ ಥರ: ಬೀಗ ಹಾಕುವ ಸಾಫ್ಟ್‌ವೇರ್ ಇವರದ್ದು, ಅದನ್ನು ತೆಗೆದುಕೊಂಡು ಹೋಗಿ ಕಳ್ಳತನ ಮಾಡುವವರು ಬೇರೆಯವರು, ಬಂದದ್ದರಲ್ಲಿ ಒಡೆಯನಿಗೆ ಪಾಲು.

ಆಮೇಲೆ ಆದದ್ದನ್ನು ಟಿವಿಯಲ್ಲಿ ಕೆಲವರು ನೋಡಿರಬಹುದು. ಆದರೆ ನೆನಪು ಮಾಡಿಕೊಳ್ಳಿ, 2021ರ ಮೇ ಅಂದರೆ ನಮ್ಮಲ್ಲಿ ಕೊರೊನಾ ಎರಡನೇ ಅಲೆ. ಮೇ 10ರಿಂದ ಕರ್ನಾಟಕದಲ್ಲಿ ಲಾಕ್‌ಡೌನ್. ನಾವು ಆಕ್ಸಿಜನ್ ಸಿಲಿಂಡರ್ ಹುಡುಕುತ್ತಿದ್ದೆವು, ಅಮೆರಿಕದ ಪೆಟ್ರೋಲ್ ಯಾರಿಗೆ ಬೇಕಿತ್ತು? ನನಗೆ ಗೊತ್ತಾಗಿದ್ದೂ ಶಾರ್ಲೆಟ್‌ನಲ್ಲಿರುವ ಚಿಕ್ಕಪ್ಪನ ಮಗ ಮನೆಯವರ ಆರೋಗ್ಯ ವಿಚಾರಿಸಲು ಫೋನ್ ಮಾಡಿದಾಗ. ‘ಅಣ್ಣಾ, ಇಲ್ಲಿ ಬಂಕ್ ಮುಂದೆ ನಮ್ಮೂರ ಸೊಸೈಟಿ ಸೀಮೆಎಣ್ಣೆ ಕ್ಯೂ ಥರ ಆಗಿದೆ’ ಅಂದ. ಅವನ ಉತ್ತರ ಕ್ಯಾರೊಲಿನಾದಲ್ಲಿ ಅರ್ಧಕ್ಕಿಂತ ಹೆಚ್ಚು ಬಂಕ್ ಖಾಲಿಯಾಗಿದ್ದವು. ಪೆಟ್ರೋಲಿನ ಸರಾಸರಿ ಬೆಲೆ 2014ರ ನಂತರ ಮೊದಲ ಸಲ ಗ್ಯಾಲನ್‌ಗೆ 3 ಡಾಲರ್ ದಾಟಿತು. ಜನ ಸಿಕ್ಕ ಸಿಕ್ಕದ್ದರಲ್ಲಿ ತುಂಬಿಸಿಕೊಳ್ಳಲು ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ರೋಲ್ ತುಂಬಬೇಡಿ ಅಂತ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆಯೇ ಎಚ್ಚರಿಸಬೇಕಾಯಿತು.

ಪೈಪು ಮತ್ತೆ ಶುರುವಾಗಿದ್ದು ಮೇ 12ರ ಸಂಜೆ. ಶುರುವಾದ ಕೂಡಲೇ ಪೆಟ್ರೋಲ್ ಬಂದುಬಿಡಲಿಲ್ಲ. ಇಂಧನ ಪೈಪಿನೊಳಗೆ ಹೋಗುವುದು ಗಂಟೆಗೆ ಸುಮಾರು 5 ಮೈಲಿ ವೇಗದಲ್ಲಿ, ಬಿರುಸಾಗಿ ನಡೆಯುವ ಮನುಷ್ಯನ ಥರ.

ದುಡ್ಡಿನ ಕಥೆ

ದಾಳಿಯ ಮರುದಿನವೇ ಕಂಪನಿ 75 ಬಿಟ್‌ಕಾಯಿನ್ ಕೊಟ್ಟಿತು. ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್. ತನ್ನ ಜೀವನದಲ್ಲಿ ತೆಗೆದುಕೊಂಡ ಅತಿ ಕಷ್ಟದ ತೀರ್ಮಾನಗಳಲ್ಲಿ ಇದೊಂದು ಅಂತ ಮುಖ್ಯಸ್ಥ ಜೋಸೆಫ್ ಬ್ಲಂಟ್ ಆಮೇಲೆ ಹೇಳಿಕೊಂಡರು. ತಮಾಷೆ ಏನಂದರೆ, ಅಷ್ಟು ಕೊಟ್ಟ ಮೇಲೆ ಬಂದ ಬೀಗ ತೆಗೆಯುವ ಸಾಫ್ಟ್‌ವೇರ್ ಎಷ್ಟು ನಿಧಾನ ಇತ್ತೆಂದರೆ, ಕಂಪನಿ ಜೊತೆಜೊತೆಗೇ ತನ್ನದೇ ಬ್ಯಾಕಪ್‌ನಿಂದ ಕಂಪ್ಯೂಟರುಗಳನ್ನು ಸರಿಮಾಡಿಕೊಳ್ಳಬೇಕಾಯಿತು. ಜೂನ್ 7ಕ್ಕೆ ಎಫ್‌ಬಿಐಯವರು ಕಳ್ಳರ ಒಂದು ವಾಲೆಟ್‌ನ ಕೀಲಿ ಸಂಪಾದಿಸಿ 63.7 ಬಿಟ್‌ಕಾಯಿನ್ ವಾಪಸ್ ತೆಗೆದರು. ಅಷ್ಟರಲ್ಲಿ ಬಿಟ್‌ಕಾಯಿನ್ ಬೆಲೆ ಕುಸಿದು ಅದು 23 ಲಕ್ಷ ಡಾಲರ್ ಆಗಿತ್ತು. ಕಳ್ಳರೂ ತಮ್ಮ ಕೀಲಿಯನ್ನು ಕಾಪಾಡಿಕೊಳ್ಳಲಿಲ್ಲ ನೋಡಿ.

ಒಳಗೆ ಬಂದದ್ದು ಹೇಗೆ

ತನಿಖೆ ಮಾಡಿದ್ದು ಮ್ಯಾಂಡಿಯಂಟ್ ಅನ್ನುವ ಸಂಸ್ಥೆ. ಅವರಿಗೆ ಸಿಕ್ಕ ಮೊದಲ ಹೆಜ್ಜೆ ಗುರುತು ಏಪ್ರಿಲ್ 29ರದ್ದು. ಅಂದರೆ ಚೀಟಿ ಕಾಣಿಸುವ ಎಂಟು ದಿನ ಮೊದಲೇ ಕಳ್ಳ ಒಳಗೆ ಬಂದಿದ್ದ.

ಅವನು ಬಂದದ್ದು ವಿಪಿಎನ್ ಮೂಲಕ. ಮನೆಯಲ್ಲಿ ಕೂತು ಕಚೇರಿ ನೆಟ್‌ವರ್ಕ್ ಒಳಗೆ ಹೋಗಲು ಇರುವ ಹಿತ್ತಲ ಬಾಗಿಲು ಅದು ಅಂದುಕೊಳ್ಳಿ. ಆ ಬಾಗಿಲು ಹಳೆಯದು. ಕಂಪನಿಯವರು ಅದನ್ನು ಬಳಸುವುದನ್ನು ಬಿಟ್ಟಿದ್ದರು, ಆದರೆ ಮುಚ್ಚಿರಲಿಲ್ಲ. ಒಬ್ಬ ಉದ್ಯೋಗಿಯ ಹೆಸರು ಮತ್ತು ಪಾಸ್‌ವರ್ಡ್ ಹಾಕಿದರೆ ಇನ್ನೂ ತೆರೆದುಕೊಳ್ಳುತ್ತಿತ್ತು. ಬರೀ ಪಾಸ್‌ವರ್ಡ್ ಸಾಕಿತ್ತು. ಫೋನಿಗೆ ಕೋಡ್ ಬರುವುದು, ಆಪ್‌ನಲ್ಲಿ ಒಪ್ಪಿಗೆ ಕೊಡುವುದು, ಅಂಥ ಎರಡನೇ ಕಾವಲು ಇರಲಿಲ್ಲ.

ಮತ್ತೆ ಆ ಪಾಸ್‌ವರ್ಡ್? ಅದು ಮೊದಲೇ ಸೋರಿಕೆಯಾಗಿ ಡಾರ್ಕ್ ವೆಬ್‌ನಲ್ಲಿ, ಅಂದರೆ ಇಂಟರ್‌ನೆಟ್‌ನ ಕಳ್ಳಸಂತೆಯಲ್ಲಿ, ಓಡಾಡುತ್ತಿದ್ದ ಪಾಸ್‌ವರ್ಡ್ ರಾಶಿಯಲ್ಲಿ ಸಿಕ್ಕಿತು. ಆ ಉದ್ಯೋಗಿ ಅದೇ ಪಾಸ್‌ವರ್ಡನ್ನು ಇನ್ನೆಲ್ಲೋ ಬಳಸಿ, ಅಲ್ಲಿ ಕಳುವಾಗಿರಬಹುದು ಅಂತ ಮ್ಯಾಂಡಿಯಂಟ್‌ನ ಚಾರ್ಲ್ಸ್ ಕಾರ್ಮಕಾಲ್ ಹೇಳಿದರು. ಕಳ್ಳರ ಕೈಗೆ ಅದು ಸಿಕ್ಕಿದ್ದು ಆ ರಾಶಿಯಿಂದಲೇನಾ ಅಂತ ತನಿಖೆಯವರಿಗೆ ಕೊನೆಗೂ ಖಚಿತ ಮಾಡಲಾಗಲಿಲ್ಲ. ಮೋಸದ ಮೇಲ್ ಕಳಿಸಿ ಆ ಉದ್ಯೋಗಿಯನ್ನು ಬಲೆಗೆ ಹಾಕಿದ ಗುರುತಂತೂ ಸಿಗಲಿಲ್ಲ.

ಜೂನ್ 8ರಂದು ಸೆನೆಟ್ ಸಮಿತಿ ಮುಂದೆ ಬ್ಲಂಟ್ ಅವರನ್ನು ಕೂರಿಸಿ ಕೇಳಿದರು. ಅವರು ಒತ್ತಿ ಹೇಳಿದ ಮಾತು, ಅದು ಕಾಂಪ್ಲಿಕೇಟೆಡ್ ಪಾಸ್‌ವರ್ಡ್ ಆಗಿತ್ತು, ‘ಕಲೋನಿಯಲ್123’ ಥರದ್ದಲ್ಲ ಅಂತ. ಈ ಮಾತು ಕೇಳಿದಾಗಲೆಲ್ಲ ನನಗೆ ಒಂಥರಾ ಅಯ್ಯೋ ಅನ್ನಿಸುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಬೀಗ ಎಷ್ಟು ಕೆಜಿ ತೂಕ ಇದ್ದರೇನು, ಕೀಲಿ ಸಂತೆಯಲ್ಲಿ ಬಿದ್ದಿದ್ದರೆ?

ಗಟ್ಟಿ ಅಂದರೆ ಯಾವುದರ ವಿರುದ್ಧ ಗಟ್ಟಿ

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ನೀವು ಒಂದು ಸೈಟಿನಲ್ಲಿ ಪಾಸ್‌ವರ್ಡ್ ಕೊಟ್ಟರೆ, ಸೈಟಿನವರು ಮರ್ಯಾದಸ್ಥರಾಗಿದ್ದರೆ ಅದನ್ನು ಹಾಗೇ ಇಡುವುದಿಲ್ಲ. ರುಬ್ಬಿ ಇಡುತ್ತಾರೆ. ಹ್ಯಾಶ್ ಅನ್ನುತ್ತಾರೆ ಅದಕ್ಕೆ. ದೋಸೆ ಹಿಟ್ಟಿನಿಂದ ಅಕ್ಕಿ ವಾಪಸ್ ಬರುತ್ತದೆಯೇ? ಇಲ್ಲ. ನೀವು ಮುಂದಿನ ಸಲ ಲಾಗಿನ್ ಆದಾಗ ಕೊಟ್ಟ ಅಕ್ಕಿಯನ್ನು ಮತ್ತೆ ರುಬ್ಬಿ, ಎರಡೂ ಹಿಟ್ಟು ಒಂದೇನಾ ಅಂತ ನೋಡುತ್ತಾರೆ, ಅಷ್ಟೇ. ಕಳ್ಳ ಸೈಟಿಗೆ ನುಗ್ಗಿದರೆ ಸಿಗುವುದು ಹಿಟ್ಟು. ಆದರೆ ಅವನೇನು ಸುಮ್ನೆ ಕೂರುತ್ತಾನೆಯೇ? ಊರಲ್ಲಿರುವ ಅಕ್ಕಿಯೆಲ್ಲ ತಂದು ಒಂದೊಂದೇ ರುಬ್ಬಿ ಹೋಲಿಸುತ್ತಾನೆ. ಮೊದಲು 123456, ಆಮೇಲೆ ಹೆಸರುಗಳು, ಊರುಗಳು, ಹೆಸರಿನ ಮುಂದೆ @123, ಮೊದಲಕ್ಷರ ದೊಡ್ಡದು, ಕೊನೆಯಲ್ಲಿ ವರ್ಷ. ಇವೆಲ್ಲ ಅವನ ಸಾಫ್ಟ್‌ವೇರ್‌ನಲ್ಲಿ ನಿಯಮಗಳಾಗಿಯೇ ಬರೆದಿಟ್ಟಿರುತ್ತವೆ. ಇದಕ್ಕೆ ತಡೆಯಾಗಿ ಒಳ್ಳೆ ಸೈಟಿನವರು ಪ್ರತಿ ಬಳಕೆದಾರನ ಹಿಟ್ಟಿಗೂ ಬೇರೆ ಬೇರೆ ಉಪ್ಪು ಹಾಕುತ್ತಾರೆ, ನಿಜವಾಗಲೂ ಅದರ ಹೆಸರೇ ಸಾಲ್ಟ್. ಆಗ ಒಂದು ಸಲ ರುಬ್ಬಿದ್ದನ್ನು ಎಲ್ಲರ ಹಿಟ್ಟಿನ ಜೊತೆ ಹೋಲಿಸಲು ಆಗುವುದಿಲ್ಲ, ಒಬ್ಬೊಬ್ಬರಿಗೂ ಹೊಸದಾಗಿ ರುಬ್ಬಬೇಕು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳುವಾದ ಹಿಟ್ಟಿನಲ್ಲಿ ಉಪ್ಪೇ ಇರಲಿಲ್ಲ. ಮೊದಲು 65 ಲಕ್ಷ ಹ್ಯಾಶ್ ಹೊರಬಂದವು, 2016ರಲ್ಲಿ ನೋಡಿದರೆ ಒಟ್ಟು 11.7 ಕೋಟಿ ಜನರ ಮೇಲ್ ವಿಳಾಸ, ಪಾಸ್‌ವರ್ಡ್ ಹ್ಯಾಶ್ ಮಾರಾಟಕ್ಕಿತ್ತು.

ನಿಮ್ಮ ಪಾಸ್‌ವರ್ಡ್ ಗಟ್ಟಿ ಅಂದರೆ, ಈ ರುಬ್ಬಿ ಹೋಲಿಸುವ ಆಟದಲ್ಲಿ ಅದು ಸಿಗುವುದಿಲ್ಲ ಅಂತ ಮಾತ್ರ. ಅದಕ್ಕಿಂತ ಒಂದು ಚೂರೂ ಜಾಸ್ತಿ ಅಲ್ಲ. ಸೈಟಿನವನು ರುಬ್ಬದೇ ಹಾಗೇ ಇಟ್ಟಿದ್ದರೆ? 2009ರಲ್ಲಿ ರಾಕ್‌ಯೂ ಅನ್ನುವ ಕಂಪನಿ 3.2 ಕೋಟಿ ಪಾಸ್‌ವರ್ಡನ್ನು ಹಾಗೇ ಇಟ್ಟುಕೊಂಡಿತ್ತು, ಕಳ್ಳ ಬಂದ, ಎತ್ತಿಕೊಂಡು ಹೋದ. ಆ ಪಟ್ಟಿ ಇವತ್ತಿಗೂ ಪಾಸ್‌ವರ್ಡ್ ಮುರಿಯಲು ಕಲಿಯುವವರ ಮೊದಲ ಪುಸ್ತಕ. ಅದರಲ್ಲಿ ಯಾರದ್ದೋ 20 ಅಕ್ಷರದ ಪಾಸ್‌ವರ್ಡ್ ಇದ್ದರೂ 123456ರ ಪಕ್ಕದಲ್ಲೇ, ಅದರಷ್ಟೇ ಬತ್ತಲಾಗಿ ಕೂತಿರುತ್ತದೆ. ನೀವೇ ನಕಲಿ ಪುಟದಲ್ಲಿ ಟೈಪ್ ಮಾಡಿಕೊಟ್ಟರೂ ಅಷ್ಟೇ. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕದಿಯುವ ವೈರಸ್ ಕೂತಿದ್ದರೂ ಅಷ್ಟೇ.

ಸೋರಿದ ಮೇಲೆ ಏನಾಗುತ್ತದೆ ಅಂದರೆ, ಯಾರೂ ಕೂತು ನಿಮ್ಮ ಹೆಸರು ಹುಡುಕುವುದಿಲ್ಲ. ಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಜೋಡಿಗಳ ಪಟ್ಟಿಯನ್ನು ಒಂದು ಪ್ರೋಗ್ರಾಂಗೆ ಕೊಡುತ್ತಾರೆ, ಅದು ಹಗಲು ರಾತ್ರಿ ಬ್ಯಾಂಕು, ಶಾಪಿಂಗ್, ಮೇಲ್, ಕಂಪನಿ ವಿಪಿಎನ್ ಎಲ್ಲ ಕಡೆ ಹಾಕಿ ನೋಡುತ್ತಾ ಹೋಗುತ್ತದೆ. ಕೀಲಿ ಗೊಂಚಲು ಹಿಡಿದು ಬೀದಿಯ ಪ್ರತಿ ಮನೆ ಬಾಗಿಲಿಗೂ ಹೋಗುವವನ ಥರ. ನೂರು ಮನೆಯಲ್ಲಿ ಒಂದು ತೆರೆದರೆ ಅವನ ಕೂಲಿ ಹುಟ್ಟಿತು.

ಅದಕ್ಕೇ ನಾನು ಹೊಸಬರಿಗೆ ಹೇಳುವುದು: ನಿಮ್ಮ ಪಾಸ್‌ವರ್ಡ್ ನೀವು ಅದನ್ನು ಬಳಸಿದ ಕಡೆಗಳಲ್ಲಿ ಎಲ್ಲಕ್ಕಿಂತ ಹಾಳು ಸೈಟ್ ಯಾವುದೋ, ಅದರಷ್ಟೇ ಗಟ್ಟಿ. ಕಚೇರಿ ವಿಪಿಎನ್ ಪಾಸ್‌ವರ್ಡನ್ನೇ ಯಾವುದೋ ಕೂಪನ್ ಸೈಟಿಗೂ ಕೊಟ್ಟಿದ್ದರೆ, ಕಚೇರಿಯ ಹಿತ್ತಲು ಕಾಯುತ್ತಿರುವುದು ಆ ಕೂಪನ್ ಸೈಟಿನವನು.

ಹಾಗಾದರೆ ಏನು ಮಾಡುವುದು

ನಮ್ಮ ಅಕೌಂಟ್ಸ್ ವಿಭಾಗದ ಮೇಡಂ ಒಬ್ಬರು ಇಷ್ಟು ಕೇಳಿದ ಮೇಲೆ ಪೆನ್ನು ಕೆಳಗಿಟ್ಟು, ‘ಎಲ್ಲಾ ಸರಿ ಸರ್, ಅರವತ್ತು ಕಡೆ ಅರವತ್ತು ಪಾಸ್‌ವರ್ಡ್ ಯಾರು ನೆನಪಿಟ್ಟುಕೊಳ್ತಾರೆ? ನಂಗೆ ಗ್ಯಾಸ್ ಬುಕ್ಕಿಂಗ್ ನಂಬರೇ ನೆನಪಿರಲ್ಲ’ ಅಂದರು. ನ್ಯಾಯವಾದ ಪ್ರಶ್ನೆ. ಯಾರಿಗೂ ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳಲು ಹೋಗಿಯೇ ಜನ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಹಾಕುವುದು, ಇಲ್ಲಾ ಕೊನೆಯ ಅಂಕಿ ಮಾತ್ರ ಬದಲಿಸುವುದು.

ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್. ಬಿಟ್‌ವಾರ್ಡನ್, ಕೀಪಾಸ್ ಥರದ್ದು, ದುಡ್ಡಿಲ್ಲದೆ ಸಿಗುವವು. ಪ್ರತಿ ಸೈಟಿಗೂ ಅದೇ 20 ಅಕ್ಷರದ ಅಡ್ಡಾದಿಡ್ಡಿ ಪಾಸ್‌ವರ್ಡ್ ಹುಟ್ಟಿಸಿ, ಅದೇ ಇಟ್ಟುಕೊಂಡು, ಅದೇ ತುಂಬುತ್ತದೆ. ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ನಕಲಿ ಬ್ಯಾಂಕ್ ಪುಟಕ್ಕೆ ಹೋದರೆ ನಮ್ಮ ಕಣ್ಣು ಮೋಸ ಹೋಗುತ್ತದೆ, ಆದರೆ ಮ್ಯಾನೇಜರ್ ವಿಳಾಸ ನೋಡುತ್ತದೆ, ವಿಳಾಸ ಬೇರೆ ಇದ್ದರೆ ಪಾಸ್‌ವರ್ಡ್ ತುಂಬುವುದೇ ಇಲ್ಲ. ಅದು ತುಂಬಲಿಲ್ಲ ಅಂದರೆ ಅಲ್ಲೇ ಕೈ ನಿಲ್ಲಿಸಬೇಕು.

ನೀವು ನೆನಪಿಡಬೇಕಾದ್ದು ಒಂದೇ, ಮ್ಯಾನೇಜರ್‌ನ ಪಾಸ್‌ವರ್ಡ್. ಜೊತೆಗೆ ಬೇಕಾದರೆ ಮೇಲ್‌ನದ್ದು, ಯಾಕೆಂದರೆ ಬೇರೆಲ್ಲ ಖಾತೆಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೆ. ಇವಕ್ಕೆ ನಾನು ಮಾಡುವ ಕ್ರಮ ಹೇಳುತ್ತೇನೆ, ಸ್ವಲ್ಪ ಹುಚ್ಚು ಅನ್ನಿಸಬಹುದು. ದಾಳ ಉರುಳಿಸಿ ಪದ ಆರಿಸುವ ಡೈಸ್‌ವೇರ್ ಅನ್ನುವ ವಿಧಾನ 1995ರಿಂದ ಇದೆ. ಅದರ ಪಟ್ಟಿಯಲ್ಲಿ 7,776 ಪದ, ಐದು ಸಲ ದಾಳ ಹಾಕಿದರೆ ಒಂದು ಪದ. ನಾನು ನಮ್ಮ ಭಾಷೆಯದ್ದೇ ಚಿಕ್ಕ ಪಟ್ಟಿ ಮಾಡಿಕೊಂಡೆ, 1,296 ಪದ, ನಾಲ್ಕು ಸಲ ದಾಳ ಹಾಕಿದರೆ ಒಂದು. ಎರಡು ಭಾನುವಾರ ಹಿಡಿಯಿತು. ಆರು ಪದ ತೆಗೆದರೆ ಹೀಗೆ ಬರುತ್ತದೆ: ಗುದ್ದಲಿ ಮಜ್ಜಿಗೆ ಗಿಳಿ ಚಾವಡಿ ನವಿಲುಕೋಸು ಹಗ್ಗ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು. ಚಾವಡಿಗೆ ಒಂದು ‘ಎ’ ಹಾಕಬೇಕೋ ಎರಡೋ ಅನ್ನುವುದನ್ನು ಪಟ್ಟಿಯಲ್ಲೇ ಬರೆದಿಟ್ಟುಕೊಳ್ಳಿ, ಇಲ್ಲಾಂದರೆ ನನ್ನ ಹಾಗೆ ಅರ್ಧ ಗಂಟೆ ಹೊರಗೇ ನಿಲ್ಲಬೇಕಾಗುತ್ತದೆ. ಗುದ್ದಲಿಯಲ್ಲಿ ಮಜ್ಜಿಗೆ ಕಡೆಯುವ ಗಿಳಿ ಅಂತ ಮನಸ್ಸಿನಲ್ಲಿ ಚಿತ್ರ ಬಿಡಿಸಿಕೊಂಡರೆ ಮರೆಯುವುದಿಲ್ಲ. ಇದೇ ಆರು ಪದ ಬಳಸಬೇಡಿ ಮತ್ತೆ, ಇದು ಈಗ ಊರಿಗೆಲ್ಲ ಗೊತ್ತು.

ಮನೆಯಲ್ಲಿ ದಾಳ ಇಲ್ಲ ಅಂತ ಚೌಕಾಬಾರದ ಕವಡೆ ತೆಗೆಯಬೇಡಿ. ಕವಡೆ ಎಲ್ಲ ಲೆಕ್ಕಕ್ಕೂ ಸಮನಾಗಿ ಬೀಳುವುದಿಲ್ಲ, ಅದು ಆಡಿದವರಿಗೆಲ್ಲ ಗೊತ್ತು. ಲೂಡೋ ದಾಳ ಸಾಕು. ಪದಗಳನ್ನು ನೀವೇ ‘ಆರಿಸಲೂ’ ಬೇಡಿ, ಗಾದೆಯಂತೂ ಬೇಡವೇ ಬೇಡ. ‘ಕೈ ಕೆಸರಾದರೆ ಬಾಯಿ ಮೊಸರು’ ಉದ್ದ ಇದೆ ನಿಜ, ಆದರೆ ಗಾದೆ ಪಟ್ಟಿ ಕಳ್ಳನ ಹತ್ತಿರವೂ ಇರುತ್ತದೆ.

ಲೆಕ್ಕ ಬೇಕು ಅನ್ನುವವರಿಗೆ: ಸೈಟಿನವರು ಹಳೆಯ, ಬೇಗ ರುಬ್ಬುವ ವಿಧಾನ ಬಳಸಿದ್ದರೆ ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 1,000 ಕೋಟಿ ಊಹೆ ಮಾಡುವುದು ಕಷ್ಟ ಅಲ್ಲ. ಆ ವೇಗದಲ್ಲಿ ಎಂಟು ಸಣ್ಣಕ್ಷರದ ಪಾಸ್‌ವರ್ಡ್‌ಗಳೆಲ್ಲ 21 ಸೆಕೆಂಡಿನಲ್ಲಿ ಮುಗಿಯುತ್ತವೆ. ಕೀಬೋರ್ಡ್‌ನಲ್ಲಿರುವ 95 ಚಿಹ್ನೆಗಳನ್ನೂ ಕಲಸಿದ ಎಂಟು ಅಕ್ಷರದವು ಎಂಟು ದಿನದೊಳಗೆ. ನನ್ನ ಆರು ಪದಗಳಿಗೆ 15 ವರ್ಷ, ಅದೂ ಕಳ್ಳನ ಕೈಲಿ ನನ್ನ ಪದಪಟ್ಟಿ ಪೂರ್ತಿ ಇದ್ದರೆ. ಏಳನೇ ಪದ ಸೇರಿಸಿದರೆ 19,000 ವರ್ಷ. @ ಚಿಹ್ನೆಗೆ ಇರುವ ಮರ್ಯಾದೆಯನ್ನು ನಾವು ಉದ್ದಕ್ಕೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಈ @ ಹುಚ್ಚಿಗೂ ಒಂದು ಕಥೆ ಇದೆ. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಿಸಿ ಅನ್ನುವ ನಿಯಮಗಳು ಹಬ್ಬಿದ್ದು ಬಹುಮಟ್ಟಿಗೆ ತಂತ್ರಜ್ಞಾನದ ಮಾನದಂಡ ನಿಗದಿ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಗಾಗಿ 2003ರಲ್ಲಿ ಬರೆದ ಕೈಪಿಡಿಯಿಂದ. ಬರೆದವರು ಬಿಲ್ ಬರ್. 2017ರಲ್ಲಿ ಅವರೇ, ನಾನು ಮಾಡಿದ್ದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪ ಇದೆ ಅಂದರು. ಅದೇ ವರ್ಷ ಎನ್‌ಐಎಸ್‌ಟಿ ತನ್ನ ಮಾತು ಬದಲಿಸಿತು: ಸುಮ್ಸುಮ್ನೆ ಬದಲಿಸಲು ಹೇಳಬೇಡಿ, ಸೋರಿದ ಗುರುತು ಸಿಕ್ಕರೆ ಬದಲಿಸಿ, ಹೊಸ ಪಾಸ್‌ವರ್ಡ್ ಇಡುವಾಗ ಸೋರಿದ ಪಟ್ಟಿಯಲ್ಲಿದೆಯೇ ನೋಡಿ. 2025ರ ಆವೃತ್ತಿಯಲ್ಲಿ, ಬರೀ ಪಾಸ್‌ವರ್ಡ್ ಒಂದೇ ಕಾವಲಿದ್ದರೆ ಕನಿಷ್ಠ 15 ಅಕ್ಷರ ಬೇಕು ಅಂತಲೂ ಸೇರಿಸಿದರು. ನಮ್ಮಲ್ಲಿ ಇನ್ನೂ 90 ದಿನಕ್ಕೊಮ್ಮೆ ಬದಲಿಸಿ ಅನ್ನುವ ಕಚೇರಿಗಳು ಬೇಕಾದಷ್ಟಿವೆ, ಅಲ್ಲಿನ ಜನ ಜನವರಿ@1 ಅನ್ನು ಏಪ್ರಿಲ್@2 ಮಾಡಿಕೊಂಡು ಆರಾಮಾಗಿದ್ದಾರೆ.

ಸೋರಿದ ಪಟ್ಟಿಯಲ್ಲಿ ಇದೆಯೇ ಅಂತ ನೋಡುವುದು ಹೇಗೆ? ಹ್ಯಾವ್ ಐ ಬೀನ್ ಪೋನ್ಡ್ ಅನ್ನುವ ಸೈಟನ್ನು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದರು. ಅಲ್ಲಿ ಮೇಲ್ ವಿಳಾಸ ಕೊಟ್ಟರೆ ಯಾವ ಯಾವ ಸೋರಿಕೆಯಲ್ಲಿ ಇತ್ತು ಅಂತ ತೋರಿಸುತ್ತದೆ. ಪಾಸ್‌ವರ್ಡನ್ನೂ ಪರೀಕ್ಷಿಸಬಹುದು. ಅಯ್ಯೋ, ಪಾಸ್‌ವರ್ಡನ್ನೇ ಬೇರೆ ಸೈಟಿಗೆ ಕೊಡುವುದಾ ಅಂದರೆ, ಅದು ಪೂರ್ತಿ ಹೋಗುವುದಿಲ್ಲ. ನಿಮ್ಮ ಬ್ರೌಸರಿನಲ್ಲೇ ರುಬ್ಬಿ, ಆ 40 ಅಕ್ಷರದ ಹಿಟ್ಟಿನಲ್ಲಿ ಮೊದಲ ಐದು ಅಕ್ಷರ ಮಾತ್ರ ಕಳಿಸುತ್ತದೆ. ಆ ಐದರಿಂದ ಶುರುವಾಗುವವೆಲ್ಲ ವಾಪಸ್ ಬರುತ್ತವೆ, ಹೋಲಿಕೆ ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲೇ. ಇಷ್ಟಾದರೂ ನಂಬಿಕೆ ಬರದಿದ್ದರೆ ತಪ್ಪಿಲ್ಲ, ಅನೇಕ ಪಾಸ್‌ವರ್ಡ್ ಮ್ಯಾನೇಜರುಗಳು ಒಳಗಿಂದಲೇ ಇದನ್ನು ಮಾಡಿಕೊಡುತ್ತವೆ. ಆಲ್ಫಾರೆಟ್ಟಾದಲ್ಲಿ ಆ ವಿಪಿಎನ್ ಪಾಸ್‌ವರ್ಡನ್ನು ಯಾರಾದರೂ ಹೀಗೆ ಒಮ್ಮೆ ಸೋಸಿ ನೋಡಿದ್ದರೆ ಅದು ಸಿಕ್ಕಿಬೀಳುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ಎರಡನೇ ಕಾವಲಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಟಿಪಿ ಏನು ಅಂತ ನಮ್ಮ ದೇಶದಲ್ಲಿ ಅಜ್ಜಿಗೂ ಗೊತ್ತು, ಅದನ್ನು ಫೋನಿನಲ್ಲಿ ಕೇಳಿ ಪಡೆಯುವವರೂ ಗೊತ್ತು. ಎಸ್‌ಎಂಎಸ್‌ಗಿಂತ ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆಪ್ ಮೇಲು, ಅದಕ್ಕಿಂತ ಪಾಸ್‌ವರ್ಡೇ ಇಲ್ಲದೆ ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಪಾಸ್‌ಕೀ ಮೇಲು. ಏನೂ ಇಲ್ಲದ್ದಕ್ಕಿಂತ ಎಸ್‌ಎಂಎಸ್ಸೇ ಎಷ್ಟೋ ವಾಸಿ. ಏಪ್ರಿಲ್ 29ರಂದು ಆ ಹಿತ್ತಲ ಬಾಗಿಲಲ್ಲಿ ಒಂದು ಎಸ್‌ಎಂಎಸ್ ಕೋಡ್ ಕೇಳಿದ್ದರೂ ಸಂತೆಯಲ್ಲಿ ಸಿಕ್ಕ ಕೀಲಿಯಿಂದ ಮಾತ್ರ ಕೆಲಸ ಆಗುತ್ತಿರಲಿಲ್ಲ.

ಪೇಪರಿನಲ್ಲಿ ಬರೆದಿಡಬಹುದಾ ಅಂತ ಆ ಮೇಡಂ ಅಂಜುತ್ತಾ ಕೇಳಿದರು. ಮನೆಯಲ್ಲಿ, ಬೀರುವಿನಲ್ಲಿ, ಧಾರಾಳವಾಗಿ ಬರೆದಿಡಿ ಅಂದೆ. ರಷ್ಯದಿಂದ ಯಾರೂ ಬಂದು ನಿಮ್ಮ ಬೀರು ತೆಗೆಯುವುದಿಲ್ಲ. ಕಚೇರಿ ಮಾನಿಟರ್‌ಗೆ ಅಂಟಿಸಿದ ಹಳದಿ ಚೀಟಿ ಮಾತ್ರ ಇವತ್ತೇ ಕೀಳಿ.

ಯಾರದ್ದು ತಪ್ಪು

ಸುದ್ದಿಯಲ್ಲಿ ಎಲ್ಲರೂ ಆ ಒಬ್ಬ ಉದ್ಯೋಗಿಯ ಪಾಸ್‌ವರ್ಡ್ ಅಂತಲೇ ಬರೆದರು. ನನಗೆ ಅದು ಒಪ್ಪಿಗೆ ಇಲ್ಲ. ಪಾಸ್‌ವರ್ಡ್ ಎರಡು ಕಡೆ ಬಳಸಿದ್ದರೆ ಅದು ಉದ್ಯೋಗಿಯ ತಪ್ಪೇ ಇರಲಿ, ಎಲ್ಲರೂ ಮಾಡುವ ತಪ್ಪು ಅದು. ಬಳಸದ ಬಾಗಿಲನ್ನು ಮುಚ್ಚದೇ ಬಿಟ್ಟದ್ದು ಯಾರು? ಎರಡನೇ ಕಾವಲು ಹಾಕದೇ ಇದ್ದದ್ದು ಯಾರು? ಅದು ನನ್ನಂಥವರ ಕೆಲಸ. ಒಬ್ಬ ಮನುಷ್ಯ ಎಡವಿದರೆ ಇಡೀ ಮನೆ ಬೀಳುತ್ತದೆ ಅಂದರೆ ಎಡವಿದವನನ್ನು ಬೈಯುವ ಮೊದಲು ಮನೆ ಕಟ್ಟಿದವನನ್ನು ಕೇಳಬೇಕು. ದಾಳಿಯ ನಂತರ ಅಮೆರಿಕ ಸರ್ಕಾರ ಕೂಡ ಹಿಡಿದದ್ದು ಕಂಪನಿಗಳನ್ನೇ. ಇಂಥ ದಾಳಿ ಆದರೆ 12 ಗಂಟೆಯೊಳಗೆ ತಿಳಿಸಬೇಕು ಅಂತ ಮೇ ಕೊನೆಯಲ್ಲೇ ಪೈಪ್‌ಲೈನ್ ಕಂಪನಿಗಳಿಗೆ ಆದೇಶ ಬಂತು. ಪೈಪನ್ನು ಕೈಯಿಂದ ನಿಲ್ಲಿಸಿ ಮತ್ತೆ ಶುರು ಮಾಡುವ ತಯಾರಿ ಸರಿ ಇರಲಿಲ್ಲ ಅನ್ನುವುದೂ ಸೇರಿದ ಕಾರಣಗಳಿಗೆ 2022ರಲ್ಲಿ ಕಲೋನಿಯಲ್‌ಗೆ ಸುಮಾರು 10 ಲಕ್ಷ ಡಾಲರ್ ದಂಡದ ಪ್ರಸ್ತಾಪವೂ ಬಂತು.

ಹೀಗೆ ದೊಡ್ಡ ಮಾತಾಡುವ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಈ ಪ್ರಕರಣ ಮೊದಲ ಸಲ ಪೂರ್ತಿ ಓದಿದ ದಿನ ಸಂಜೆ, ನಮ್ಮ ಕಚೇರಿಯ ವಿಪಿಎನ್ ಖಾತೆಗಳ ಪಟ್ಟಿ ತೆಗೆದು ನೋಡಿದೆ. 41 ಹೆಸರು. ಅದರಲ್ಲಿ ಒಂಬತ್ತು ಜನ ಕೆಲಸ ಬಿಟ್ಟು ಹೋಗಿದ್ದರು, ಒಬ್ಬರು ಹೋಗಿ ಮೂರು ವರ್ಷವಾಗಿತ್ತು, ಅವರ ಬೀಳ್ಕೊಡುಗೆಗೆ ಮೈಸೂರು ಪಾಕ್ ತಂದವನು ನಾನೇ. ಒಂಬತ್ತನ್ನೂ ಮುಚ್ಚಿದೆ. ಕೊನೆಗೆ ‘ಟೆಸ್ಟ್2’ ಅಂತ ಒಂದು ಖಾತೆ ಉಳಿಯಿತು. ಯಾರದ್ದು ಅಂತ ಪಕ್ಕದ ಸೀಟಿನವನನ್ನು ಕೇಳಿದೆ, ಅವನಿಗೂ ಗೊತ್ತಿರಲಿಲ್ಲ. ಮಾಡಿದ ದಿನಾಂಕ ನೋಡಿದರೆ ನಾನು ಸೇರಿದ ವಾರದ್ದು. ಒಂದು ಅನುಮಾನ ಬಂದು, ಆ ಕಾಲದಲ್ಲಿ ನಾನು ಎಲ್ಲ ಕಡೆ ಬಳಸುತ್ತಿದ್ದ ಪಾಸ್‌ವರ್ಡ್ ಹಾಕಿ ನೋಡಿದೆ.

ತೆರೆದುಕೊಂಡಿತು.